ಚಕ್ರದ ರಿಸಾರ್ಟಿನಲ್ಲಿ ಮಾವನ ಮುಂದಿನ ಸೀಟು

ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನ ಕೆಳಗೆ ಕಾರಿಗೆ ಸಾಮಾನು ತುಂಬಿಸಿ ಹೊರಡುವಾಗ ಬೆಳಿಗ್ಗೆ ಒಂಬತ್ತು ಕಳೆದಿತ್ತು. ಅಕ್ಟೋಬರ್ ಮುಗಿಯುತ್ತ ಬಂದಿದ್ದರಿಂದ ಬಿಸಿಲು ಸ್ವಲ್ಪ ಹದಕ್ಕೆ ಬಂದಿತ್ತು. ಕಾರು ಓಡಿಸುವವನು ನಾನು. ನನ್ನ ಪಕ್ಕದ ಸೀಟಿನಲ್ಲಿ ಹೆಂಡತಿಯ ತಂದೆ ಭೋಜ ಮಾವ. ಹಿಂದೆ ಗಿರಿಜಾ ಅತ್ತೆ, ಹೆಂಡತಿ ವನಿತಾ ಮತ್ತು ಹತ್ತು ವರ್ಷದ ಮಗಳು ಶ್ರಾವ್ಯ. ಡಿಕ್ಕಿಯಲ್ಲಿ ಕೋಳಿ ಸಾರಿನ ದೊಡ್ಡ ಡಬ್ಬ, ಅದಕ್ಕೆ ಜೊತೆಯಾಗಿ ಊರಿನಿಂದ ತಂದ ಗರಿಗರಿ ರೊಟ್ಟಿ, ಒಂದು ಡಬ್ಬ ಬನ್ಸ್, ಚಾಪೆ, ಶ್ರಾವ್ಯಳ ಈಜುವ ಟ್ಯೂಬು. ನಾವು ಹೊರಟದ್ದು ದಕ್ಷಿಣಕ್ಕೆ, ಮಸಯೀದ್ ಪೇಟೆಯ ಆಚೆ ಮರಳಗುಡ್ಡಗಳಿಗೂ ಕಡಲಿಗೂ ನಡುವೆ ಇರುವ ಒಂದು ಆಟದ ಪಾರ್ಕಿಗೆ. ಅಲ್ಲಿಯೇ ತಂಗಲು ಸಣ್ಣ ಸಣ್ಣ ಮನೆಗಳಿವೆ. ಅದಕ್ಕೊಂದು ದೊಡ್ಡ ಹೆಸರಿದ್ದರೂ ನಮ್ಮ ಮನೆಯಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ದೂರದಿಂದಲೇ ಕಾಣುವ ದೈತ್ಯ ತಿರುಗುಚಕ್ರದಿಂದಾಗಿ ನಮಗದು ‘ಚಕ್ರದ ರಿಸಾರ್ಟ್’.

ಇದು ನಮ್ಮ ನಾಲ್ಕನೆಯ ಭೇಟಿ. ಹೊಸದಾಗಿ ನೋಡಲು ಏನೂ ಉಳಿದಿರಲಿಲ್ಲ. ಆದರೂ ಹಿಂದಿನ ದಿನವಿಡೀ ಮನೆಯಲ್ಲಿ ಮದುವೆಯ ಸಡಗರ. ಶ್ರಾವ್ಯ ಯಾವುದಾದ ಮೇಲೆ ಯಾವ ಆಟ ಎಂದು ಬಾಯಿಪಾಠ ಮಾಡಿಕೊಂಡಿದ್ದಳು. ವನಿತಾಳಿಗೆ ಅಲ್ಲಿಯ ಕ್ಯಾಂಟೀನಿನ ಏಲಕ್ಕಿ ಹಾಕಿದ ಕಡಕ್ ಚಹಾದ ನೆನಪು. ನನಗೆ ಕಡಲ ಕಡೆ ಬಾಗಿಲಿರುವ ಕೊನೆಯ ಮನೆಯೇ ಸಿಗಬೇಕೆಂಬ ಹಟ. ಆದರೆ ಈ ಸಲದ ಪ್ರಯಾಣ ನಿಜವಾಗಿ ನಮ್ಮ ಯಾರದೂ ಅಲ್ಲ, ಮಾವನದು.

ಮಾವ ಉಡುಪಿ ಮತ್ತು ಮಂಗಳೂರಿನ ನಡುವೆ ಮೂವತ್ತು ವರ್ಷ ಎಕ್ಸ್‌ಪ್ರೆಸ್ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸುಗಳ ಓಟ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೆದರಿದ ಪ್ರಯಾಣಿಕರಿಗೆ ಮಾವ ಹೇಳುತ್ತಿದ್ದದ್ದು ಒಂದೇ ಮಾತು: “ಕಣ್ಣು ಮುಚ್ಚಿ ಕೂತ್ಕೊಳ್ಳಿ, ಉಡುಪಿ ಬಂದಾಗ ತೆರೀರಿ.” ಎರಡು ವರ್ಷದ ಹಿಂದೆ ಅವರು ಮೊದಲ ಬಾರಿ ವಿಸಿಟ್ ವೀಸಾದಲ್ಲಿ ಬಂದಾಗ ಇದೇ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ರೋಲರ್ ಕೋಸ್ಟರ್ ಕಂಡದ್ದೇ ತಡ, ಮಾವನ ಕಣ್ಣು ಅರಳಿತ್ತು. ಆದರೆ ಆ ದಿನ ಅದು ರಿಪೇರಿಯಲ್ಲಿತ್ತು. ಮೆಕ್ಯಾನಿಕ್‌ಗಳು ಇವರ ಆಸೆ ನೋಡಿ, ನಿಂತಿದ್ದ ಬಂಡಿಯ ಮುಂದಿನ ಸೀಟಿನಲ್ಲಿ ಒಂದು ಗಳಿಗೆ ಕೂರಲು ಬಿಟ್ಟಿದ್ದರು.

ಊರಿಗೆ ಹೋದ ಮಾವ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನಲ್ಲಿ ಹೇಳಿದ್ದೇ ಬೇರೆ. ಆಕಾಶಕ್ಕೆ ಏರುವ ರೈಲಿನಲ್ಲಿ ಮುಂದಿನ ಸೀಟು, ಎರಡೂ ಕೈ ಬಿಟ್ಟು, ಕಣ್ಣು ತೆರೆದು ಕೂತದ್ದು ಎಂದು ಊದಿದ್ದರು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು, ಒಬ್ಬರನ್ನು ಬಿಟ್ಟು. ಮಾವನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದ ಸಂಜೀವಣ್ಣ ಮುಂಬೈಯಲ್ಲಿ ಅಂಥದ್ದರಲ್ಲಿ ಒಮ್ಮೆ ಕೂತು ಬಂದವರು. ಅವರು ಕೇಳಿದ್ದು ಇಷ್ಟೇ: “ಅಲ್ಲಾ ಭೋಜ, ಕೆಳಗೆ ಇಳಿಯುವಾಗ ಹೊಟ್ಟೆಯಲ್ಲಿ ಎಂತ ಆಗ್ತದೆ?” ಮಾವ ಎಂತದೂ ಆಗುವುದಿಲ್ಲ ಎಂದುಬಿಟ್ಟರು. ಸಂಜೀವಣ್ಣ ನಕ್ಕರು. ಆ ನಗು ಎರಡು ವರ್ಷದಿಂದ ಮಾವನಿಗೆ ಚುಚ್ಚುತ್ತಿತ್ತು. ಈ ಸಲ ವೀಸಾ ಮುಗಿಯುವ ಮೊದಲು ಓಡುವ ಬಂಡಿಯಲ್ಲಿ ಕೂತೇ ಊರಿಗೆ ಹೋಗುವುದೆಂದು ಪಟ್ಟು ಹಿಡಿದಿದ್ದರು. ಮರುದಿನ ಸಂಜೆಯೇ ಅವರಿಬ್ಬರ ವಿಮಾನ. ಉಳಿದಿದ್ದದ್ದು ಈ ಒಂದು ದಿನ.

ಆ ಒಂದು ದಿನವನ್ನೂ ನಾನು ಕೆಡಿಸಿಬಿಟ್ಟಿದ್ದೆ. ಕತಾರ್‌ನಲ್ಲಿ ಈದ್ ಯಾವತ್ತು ಎಂದು ಹಿಂದಿನ ಸಂಜೆಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಆದರೆ ನಮ್ಮ ಅಡುಗೆಮನೆಯಲ್ಲಿ ಊರಿನ ಗೋಡೆ ಕ್ಯಾಲೆಂಡರ್ ತೂಗುತ್ತಿತ್ತಲ್ಲ, ಅದರಲ್ಲಿ ಈದ್ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಊರಿಗಿಂತ ಗಲ್ಫಿನಲ್ಲಿ ಹಬ್ಬ ಮೊದಲು ಎಂಬ ಲೆಕ್ಕ ಇಲ್ಲಿರುವ ನಮ್ಮವರಿಗೆಲ್ಲ ಬಾಯಿಪಾಠ. ನಾನೂ ಆ ಕೆಂಪಕ್ಷರದಿಂದ ಹಿಂದಕ್ಕೆ ಎಣಿಸಿ, ಚಂದ್ರನ ಪರವಾಗಿ ನಾನೇ ತೀರ್ಮಾನ ಕೊಟ್ಟು, ಹಬ್ಬದ ಮೊದಲ ದಿನಕ್ಕೆಂದು ರಿಸಾರ್ಟಿನ ಮನೆ ಗೊತ್ತು ಮಾಡಿದ್ದೆ. ಹಿಂದಿನ ಸಂಜೆ ಟಿವಿಯಲ್ಲಿ ಸುದ್ದಿ ಬಂತು: ಚಂದ್ರ ಕಾಣಲಿಲ್ಲ. ನಾನು ಗೊತ್ತು ಮಾಡಿದ ದಿನ ಹಬ್ಬವಲ್ಲ, ಕೊನೆಯ ಉಪವಾಸ.

“ಉಪವಾಸ ಆದ್ರೆ ಆಗ್ಲಿ, ರೈಲು ಓಡ್ತದಲ್ಲಾ?” ಎಂದು ಮಾವ ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹಾಗೇ ಹೊರಟೆವು.

ಏಷ್ಯನ್ ಕ್ರೀಡಾಕೂಟಕ್ಕೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಎಲ್ಲಿ ನೋಡಿದರೂ ಕ್ರೇನು, ಕೆಂಪು ಬಿಳಿ ಡ್ರಮ್ಮು, ಬಳಸುದಾರಿ. ನಗರ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ವಕ್ರಾ ಪೇಟೆ ಕಳೆದ ಮೇಲೆ ರಸ್ತೆ ನೇರವಾಯಿತು. ಮಾವ ಶುರು ಮಾಡಿದರು.

“ಎಳಿ ಮಾರಾಯ ದಿವಾಕರ. ಇಷ್ಟು ಒಳ್ಳೆ ರಸ್ತೆ ನನಗೆ ಸಿಕ್ಕಿದ್ರೆ ಮಂಗಳೂರಿಗೆ ಅರ್ಧ ಗಂಟೆ ಸಾಕಿತ್ತು.”

“ಕ್ಯಾಮೆರಾ ಉಂಟು ಮಾವ. ಫೋಟೋ ತೆಗೆದು ದಂಡ ಕಳಿಸ್ತಾರೆ.”

“ಎಂತ ಕ್ಯಾಮೆರಾ! ಆ ಟ್ಯಾಂಕರನ್ನಾದ್ರೂ ಹಿಂದೆ ಹಾಕು. ಅದರ ಹಿಂದೆ ಹೋಗ್ಲಿಕ್ಕೆ ನಾಚಿಕೆ ಆಗುವುದಿಲ್ವಾ ನಿನಗೆ?”

ಹಿಂದಿನಿಂದ ಅತ್ತೆಯ ದನಿ ಬಂತು. “ಅವನ ತಲೆ ತಿನ್ಬೇಡಿ. ನಿಮ್ಮ ಬಸ್ಸಲ್ಲ ಅದು.” ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದರು. ನನ್ನ ವೇಗ ಆಗ ಎಂಬತ್ತು ದಾಟಿರಲಿಲ್ಲ.

“ಇವಳ ಕತೆ ಯಾವಾಗಲೂ ಹೀಗೇ,” ಎಂದು ಮಾವ ನಕ್ಕರು. “ತವರಿಗೆ ಹೋಗುವಾಗೆಲ್ಲ ನನ್ನ ಬಸ್ಸೇ. ನನ್ನ ಹಿಂದಿನ ಸೀಟೇ. ಸರಳು ಹಿಡಿದು ಕೂತ್ರೆ ಮೂಲ್ಕಿ ಬರುವವರೆಗೆ ಬಿಡ್ತಿರ್ಲಿಲ್ಲ. ನನಗೆ ಕನ್ನಡಿಯಲ್ಲಿ ನೋಡಿ ನೋಡಿ ನಗು.”

ಮಸಯೀದ್ ಕಾರ್ಖಾನೆಗಳ ಚಿಮಣಿಗಳ ತುದಿಯಲ್ಲಿ ಹಗಲಲ್ಲೂ ಬೆಂಕಿ ಉರಿಯುತ್ತಿತ್ತು. ಅದನ್ನು ಬಿಟ್ಟು ಮುಂದೆ ಹೋದರೆ ಇದ್ದಕ್ಕಿದ್ದಂತೆ ಹಳದಿ ಮರಳಿನ ಗುಡ್ಡಗಳು, ಅವುಗಳ ಆಚೆ ನೀಲಿ ಗೆರೆಯಂತೆ ಕಡಲು. “ಅಜ್ಜಾ, ವ್ಹೀಲ್ ಕಾಣ್ತದೆ! ನಾನು ಫಸ್ಟ್ ನೋಡಿದ್ದು!” ಎಂದು ಶ್ರಾವ್ಯ ಸೀಟಿನ ಮೇಲೆ ಕುಣಿದಳು. ಚಕ್ರ ಕಂಡಾಗ ನನಗೂ ಪ್ರತಿಸಲದಂತೆ ಮೈ ಜುಂ ಎಂದಿತು. ನಲವತ್ತು ದಾಟಿದ, ಮುಶೈರಿಬ್‌ನ ಆಫೀಸಿನಲ್ಲಿ ದಿನವಿಡೀ ಬಿಲ್ಲುಗಳ ನಡುವೆ ಕೂರುವ ಮನುಷ್ಯ ನಾನು. ಆದರೂ ಆ ಚಕ್ರ ಕಂಡ ಕೂಡಲೇ ರಜೆ ಸಿಕ್ಕ ಶಾಲೆಯ ಹುಡುಗನೇ.

ಆದರೆ ಚಕ್ರ ತಿರುಗುತ್ತಿರಲಿಲ್ಲ. ಗೇಟಿನ ಒಳಗೆ ಕಾರು ನಿಲ್ಲಿಸುವ ಜಾಗ ಬಹುಪಾಲು ಖಾಲಿ. ಕೌಂಟರಿನಲ್ಲಿದ್ದ ಮಲಯಾಳಿ ಮಹಿಳೆ ನಮ್ಮನ್ನು ನೋಡಿ ಕನಿಕರದಿಂದಲೇ ನಕ್ಕರು. ಪೆರುನ್ನಾಳ್, ಅಂದರೆ ಹಬ್ಬ, ನಾಳೆ. ಇವತ್ತು ಆಟಗಳೆಲ್ಲ ಸಂಜೆ ಇಫ್ತಾರ್ ಮುಗಿದ ಮೇಲೆಯೇ. “ಮತ್ತೆ ಕೋಸ್ಟರ್?” ಎಂದು ಕೇಳಿದೆ. ಅವರು ಹೊರಗೆ ಕೈ ತೋರಿಸಿದರು. ಕೋಸ್ಟರಿನ ಗೋಪುರದ ತುದಿಯಲ್ಲಿ ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಳಿ ಜೋರಿದ್ದರೆ ಆ ಬಾವುಟ ಹಾರಿಸುತ್ತಾರೆ. ಅದು ಇಳಿಯದೆ ಬಂಡಿ ಓಡಿಸುವುದಿಲ್ಲ. ರಾತ್ರಿಯೊಂದಕ್ಕೆ ನಾನೂರು ರಿಯಾಲಿನ ಮನೆ ಉಪವಾಸದ ದರವೆಂದು ಮುನ್ನೂರಕ್ಕೆ ಸಿಕ್ಕಿತು, ಅದೂ ಕಡಲ ಕಡೆಯ ಕೊನೆಯ ಮನೆಯೇ. ಆದರೆ ಮಾವನಿಗೆ ಆ ಯಾವ ಸಮಾಧಾನವೂ ಬೇಕಿರಲಿಲ್ಲ. ಬಾವುಟವನ್ನೇ ನೋಡುತ್ತ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು.

ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ಹೊರಗೆ ಕೂತು ತಿನ್ನುವುದಾಗಲಿ, ನೀರು ಕುಡಿಯುವುದಾಗಲಿ ಇಲ್ಲಿ ಕೂಡದು. ಕಡಲ ಎದುರು ಚಾಪೆ ಹಾಸಿ ಊಟ ಮಾಡುವ ನಮ್ಮ ಹಳೆಯ ಕ್ರಮಕ್ಕೆ ಈ ಸಲ ಕತ್ತರಿ. ಮನೆಯೊಳಗೆ ಪರದೆ ಎಳೆದು, ಲೈಟು ಹಾಕಿ, ನೆಲದ ಮೇಲೆ ಕೂತೆವು. ಬಿಸಿ ಮಾಡಿದ ಕೋಳಿ ಸಾರಿನ ವಾಸನೆ ಕಿಟಕಿಯ ಸಂದಿಯಿಂದ ಹೊರಗೆ ಹೋಗದಂತೆ ವನಿತಾ ಟವೆಲ್ ತುರುಕಿದಳು. ಶ್ರಾವ್ಯಳಿಗೆ ಅದೇ ಒಂದು ಆಟವಾಯಿತು. ರೊಟ್ಟಿ ಮುರಿಯುವ ಸದ್ದು ಕೇಳಿಸಿದಾಗೆಲ್ಲ “ಶ್ಶ್!” ಎನ್ನುತ್ತಿದ್ದಳು. ನಾವು ನಕ್ಕು ನಕ್ಕು ತಿಂದೆವು. ಮಾವ ಮಾತ್ರ ಎರಡೇ ರೊಟ್ಟಿಗೆ ಕೈ ತೊಳೆದರು.

“ಹೊಟ್ಟೆ ಖಾಲಿ ಇಟ್ಕೊಂಡ್ರೆ ಒಳ್ಳೆಯದಾ?” ಎಂದು ಅತ್ತೆ ಕೆಣಕಿದರು.

“ರೈಲೇ ಇಲ್ಲ, ನಿನಗೆ ಹೊಟ್ಟೆಯ ಚಿಂತೆ,” ಎಂದು ಮಾವ ರೇಗಿದರು. “ಚಂದ್ರ ಇಲ್ಲ ಅಂತ ರೈಲಿಲ್ಲ, ಈಗ ಗಾಳಿ ಉಂಟು ಅಂತ ರೈಲಿಲ್ಲ. ನಾನು ಮಳೆಗಾಲದಲ್ಲಿ ವೈಪರ್ ಇಲ್ಲದೆ ಬಸ್ಸು ಓಡಿಸಿದವ.”

ಮಧ್ಯಾಹ್ನವಿಡೀ ಮಾವ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬಾವುಟ ಕಾದರು. ನಾನು, ವನಿತಾ, ಶ್ರಾವ್ಯ ಕಡಲಿಗೆ ಇಳಿದೆವು. ನೀರು ಬೆಚ್ಚಗೆ, ಅಲೆ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ಮಲ್ಪೆಯ ಕಡಲು ಕಂಡವರಿಗೆ ಇದು ಕೆರೆ. ಗಾಳಿ ಮಾತ್ರ ಮರಳನ್ನು ಎತ್ತಿ ಕಾಲಿಗೆ ಚುಚ್ಚುತ್ತಿತ್ತು. ನಾನು ನೀರಿನಲ್ಲಿದ್ದರೂ ಕಣ್ಣು ಆ ಕೆಂಪು ಬಾವುಟದ ಮೇಲೆಯೇ. ಅಷ್ಟು ದೂರದಿಂದ ಬಂದ ಹಿರಿಯರು ಕ್ಯಾಲೆಂಡರ್ ನಂಬಿದ ಅಳಿಯನಿಂದಾಗಿ ಬರಿಗೈಯಲ್ಲಿ ಹಿಂದೆ ಹೋಗುತ್ತಾರಲ್ಲ ಎಂದು ನನಗೆ ನಿಜವಾಗಿ ಸಂಕಟವಾಗುತ್ತಿತ್ತು.

ಸಂಜೆ ಖರ್ಜೂರದ ಮರಗಳ ಕೆಳಗೆ ಉದ್ದಕ್ಕೆ ಬಟ್ಟೆ ಹಾಸಿ ಇಫ್ತಾರಿಗೆ ಇಟ್ಟಿದ್ದರು. ಖರ್ಜೂರ, ಮಜ್ಜಿಗೆ, ಸಮೋಸ, ಗೋಧಿ ಮತ್ತು ಮಾಂಸವನ್ನು ಅರೆದು ಬೇಯಿಸಿದ ಹರೀಸ್. ಕೆಲಸದವರು, ತಂಗಿದವರು ಎಲ್ಲ ಒಂದೇ ಸಾಲು. ನಾವು ದೂರದಿಂದ ಹಾದು ಹೋಗುತ್ತಿದ್ದಾಗ ಒಬ್ಬ ವಯಸ್ಸಾದ ಕತಾರಿ, “ತಫದ್ದಲ್, ತಫದ್ದಲ್!” ಎಂದು ಕೂಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಬನ್ನಿ, ಕೂತುಕೊಳ್ಳಿ ಎಂದು. ಬಾಂಗು ಕೇಳಿಸಿತು. ಅವರು ಮೊದಲ ಖರ್ಜೂರವನ್ನು ಮಾವನ ಕೈಗೇ ಇಟ್ಟರು.

“ನಾವು ಮಧ್ಯಾಹ್ನ ಗಡದ್ದಾಗಿ ತಿಂದವರು ಅಂತ ಹೇಳು ಮಾರಾಯ, ಪಾಪ ಸುತ್ತಿಕೊಂಡೀತು,” ಎಂದು ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ನನ್ನ ಮುರುಕು ಅರಬ್ಬಿಯಲ್ಲಿ ಹಾಗೇ ಹೇಳಿದೆ. ಆ ಕತಾರಿ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಾಫಿ ಮುಶ್ಕಿಲ್,” ತೊಂದರೆಯಿಲ್ಲ ಎಂದು ಇನ್ನೊಂದು ಖರ್ಜೂರ ಕೊಟ್ಟರು. ಆಮೇಲೆ ಪಡುವಣದ ಕಡೆ ಬೆರಳು ತೋರಿಸಿದರು. ಮರಳಗುಡ್ಡದ ನೆತ್ತಿಯ ಮೇಲೆ ತೆಳ್ಳಗೆ, ಉಗುರಿನ ಅಂಚಿನಷ್ಟು ಚಂದ್ರ.

ಮಾವ ಸೊಂಟದ ಮೇಲೆ ಕೈ ಇಟ್ಟು ಅದನ್ನೇ ನೋಡಿದರು. “ನಿನ್ನೆ ಬರ್ಲಿಕ್ಕೆ ಎಂತ ಆಗಿತ್ತು ನಿನಗೆ?” ಎಂದು ಕೇಳಿದರು.

ಆಗಲೇ ಶ್ರಾವ್ಯ ಕಿರುಚಿದ್ದು. “ಅಜ್ಜಾ! ಫ್ಲ್ಯಾಗ್! ಫ್ಲ್ಯಾಗ್ ಇಲ್ಲ!”

ನಿಜ. ಸೂರ್ಯನ ಜೊತೆ ಗಾಳಿಯೂ ಬಿದ್ದುಹೋಗಿತ್ತು. ಗೋಪುರದ ತುದಿ ಬೋಳಾಗಿತ್ತು. ನೋಡುತ್ತಿದ್ದಂತೆಯೇ ಚಕ್ರದ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಹಸಿರು, ನೇರಳೆ, ಕೆಂಪು. ಇಡೀ ಪಾರ್ಕು ಒಮ್ಮೆಲೇ ಎಚ್ಚೆತ್ತಿತು. ಮಾವ ಎದ್ದು ಓಡಿದರು ಎಂದೇ ಹೇಳಬೇಕು. ಹಿಂದೆ ನಾವು.

ಆಗ ನನ್ನ ತಪ್ಪು ಲೆಕ್ಕದ ಲಾಭ ತಿಳಿಯಿತು. ಹಬ್ಬದ ದಿನವಾಗಿದ್ದರೆ ಕೋಸ್ಟರಿನ ಎದುರು ಸಾಲು ಗೇಟಿನವರೆಗೆ ಇರುತ್ತಿತ್ತು, ಮುಂದಿನ ಸೀಟು ಕನಸಿನ ಮಾತು. ಈಗ ಅಲ್ಲಿ ಇದ್ದದ್ದು ನಾವು ಮತ್ತು ಕೆಲವರು ಮಾತ್ರ. ಬಂಡಿ ನೋಡಿಕೊಳ್ಳುವ ಫಿಲಿಪ್ಪೀನ್ ದೇಶದ ಮಹಿಳೆ ಕೊರಳಿಗೆ ಸೀಟಿ ತೂಗುಹಾಕಿಕೊಂಡು ನಿಂತಿದ್ದರು. “ಅಂಕಲ್, ವಿಚ್ ಸೀಟ್?” ಎಂದು ಕೇಳಿದರು. “ಫ್ರಂಟ್! ಡ್ರೈವರ್ ಸೀಟ್!” ಎಂದು ಮಾವ ಎದೆ ತಟ್ಟಿಕೊಂಡರು. ಪಕ್ಕದಲ್ಲಿ ನಾನು ಕೂತೆ. ಹಿಂದಿನ ಸೀಟಿಗೆ ಶ್ರಾವ್ಯ ಮತ್ತು ವನಿತಾ. ಅತ್ತೆ ಬೇಲಿಯ ಹೊರಗೆ ಮಾವನ ಚಪ್ಪಲಿ, ಕನ್ನಡಕ, ಬೈರಾಸು ಹಿಡಿದು ನಿಂತರು.

“ಕಣ್ಣು ಮುಚ್ಚಿ ಕೂತ್ಕೊಳ್ಳಿ,” ಎಂದು ಅಲ್ಲಿಂದಲೇ ಕೂಗಿ ಹೇಳಿದರು, “ಉಡುಪಿ ಬಂದಾಗ ತೆರೀರಿ!”

ಮಾವ ಎರಡೂ ಕೈ ಎತ್ತಿ ತೋರಿಸಿದರು. ಕಬ್ಬಿಣದ ಸರಳು ಎದೆಗೆ ಬಂದು ಬಿಗಿಯಿತು. ಬಂಡಿ ಟಕ ಟಕ ಎಂದು ಏರತೊಡಗಿತು. ಏರುವವರೆಗೂ ಮಾವ ರಾಜನಂತಿದ್ದರು. ಒಂದು ಕಡೆ ಕಪ್ಪು ಕಡಲು, ಇನ್ನೊಂದು ಕಡೆ ಗುಡ್ಡಗಳ ಆಚೆ ಮಸಯೀದ್‌ನ ಬೆಂಕಿಗಳು, ಮೇಲೆ ಆ ತಡವಾಗಿ ಬಂದ ಚಂದ್ರ. “ಎಂಥ ಚಂದ ಮಾರಾಯ!” ಎಂದರು. ತುದಿ ತಲುಪಿದೆವು. ಎದುರಿಗೆ ಹಳಿ ಇರಲಿಲ್ಲ. ಮಾವನ ಬಲಗಾಲು ನೆಲವನ್ನು ತಡಕಾಡುತ್ತಿರುವುದು ನನಗೆ ಗೊತ್ತಾಯಿತು. ಬ್ರೇಕ್ ಹುಡುಕುತ್ತಿದ್ದರು.

ಮುಂದಿನದು ಎಷ್ಟು ಹೊತ್ತು ನಡೆಯಿತೋ ಕಾಣೆ. ಹೊಟ್ಟೆ ಗಂಟಲಿಗೆ ಬಂತು. ಹಿಂದಿನಿಂದ ಶ್ರಾವ್ಯ ಸಂತೋಷದಿಂದ ಚೀರುತ್ತಿದ್ದಳು, ವನಿತಾ ಬರೀ ಚೀರುತ್ತಿದ್ದಳು. ಮಾವ ಮೊದಲ ತಿರುವಿಗೆ ಗಾಳಿಯಲ್ಲೇ ಸ್ಟೀಯರಿಂಗ್ ತಿರುಗಿಸಿದರು. ಎರಡನೆಯ ತಿರುವಿಗೆ ನನ್ನ ಮೊಣಕೈ ಹಿಡಿದರು. ಮೂರನೆಯ ಇಳಿತಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿ, “ನಿಲ್ಸಿ! ಮೆಲ್ಲ ಹೋಗಿ! ನಿಲ್ಸಿ ಮಾರಾಯ್ರೇ!” ಎಂದು ಕೂಗಿದರು. ಮಾವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಬಂಡಿ ನಿಂತಿತು. ಸರಳು ಮೇಲೆದ್ದಿತು. ಮಾವ ಎದ್ದವರು ನೇರ ಬೇಲಿಯ ಕಡೆ ನಡೆದರು. ಅತ್ತೆ ಚಪ್ಪಲಿಯನ್ನು ಕಾಲ ಬುಡದಲ್ಲಿಟ್ಟು, ನೀರಿನ ಬಾಟಲಿ ತೆರೆದು ಕೊಟ್ಟರು. ಮಾವ ಕುಡಿದರು. ಇನ್ನೊಂದು ಬಡಾಯಿ ಬರುತ್ತದೆ ಎಂದೇ ನನ್ನ ಎಣಿಕೆ.

“ಗಿರಿಜಾ,” ಎಂದರು ಮಾವ. ನಮ್ಮೆದುರು ಅವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. “ಅಷ್ಟು ವರ್ಷ ನೀನು ನನ್ನ ಹಿಂದೆ ಹೇಗೆ ಕೂತೆ ಮಾರಾಯ್ತಿ?”

ಅತ್ತೆ ಬೈರಾಸು ಕೊಡವಿ ಅವರ ಹೆಗಲಿಗೆ ಹಾಕಿದರು. “ಕನ್ನಡಿಯಲ್ಲಿ ನಿಮ್ಮ ಮುಖ ಕಾಣ್ತಿತ್ತಲ್ಲ. ನೀವು ನಗ್ತಾ ಇದ್ರಿ. ಇವರಿಗೆ ಹೆದರಿಕೆ ಇಲ್ಲ ಅಂದ್ಮೇಲೆ ಎಂತದೂ ಆಗ್ಲಿಕ್ಕಿಲ್ಲ ಅಂತ ಕೂತದ್ದು.”

ಮಾವ ತಲೆ ಬಗ್ಗಿಸಿ ಚಪ್ಪಲಿ ಮೆಟ್ಟಿಕೊಂಡರು.

ಶ್ರಾವ್ಯಳಿಗೆ ಇದೆಲ್ಲ ಬೇಕಿರಲಿಲ್ಲ. ಅವಳು ಅಮ್ಮನ ಕೈ ಎಳೆದುಕೊಂಡು ಮತ್ತೆರಡು ಸಲ ಕೋಸ್ಟರ್ ಹತ್ತಿ ಬಂದಳು. ನಾವು ಮೂವರು ಕಡಕ್ ಚಹಾ ಹಿಡಿದುಕೊಂಡು ಚಕ್ರದ ಕೆಳಗಿನ ಬೆಂಚಿನಲ್ಲಿ ಕೂತೆವು. ಕೊನೆಗೆ ಎಲ್ಲರೂ ಸೇರಿ ಚಕ್ರ ಹತ್ತಿದೆವು. ಅತ್ತೆಯೂ ಹತ್ತಿದರು. ಚಕ್ರ ನಿಧಾನವಾಗಿ ಸುತ್ತುವಂಥದ್ದು. ಆದರೂ ತೊಟ್ಟಿಲು ಮೇಲೇರಿದಾಗ ಅವರು ಕಂಬಿ ಹಿಡಿದರು. ಮಾವ ನಗಲಿಲ್ಲ. ತಾವೂ ಅದೇ ಕಂಬಿ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಹಬ್ಬ. ಹೊಸ ಬಿಳಿ ಅಂಗಿ ತೊಟ್ಟ ಮಕ್ಕಳು ಗೇಟಿನಲ್ಲಿ ಆಗಲೇ ಗದ್ದಲ ಎಬ್ಬಿಸಿದ್ದರು. ನಿನ್ನೆಯ ಕತಾರಿ ಅಜ್ಜ ಮೊಮ್ಮಕ್ಕಳೊಡನೆ ಸಿಕ್ಕಿದರು. “ಈದ್ ಮುಬಾರಕ್” ಎಂದು ಮಾವನನ್ನು ತಬ್ಬಿಕೊಂಡು, ಶ್ರಾವ್ಯಳ ಕೈಗೆ ಒಂದು ಹಿಡಿ ಮಿಠಾಯಿ ಸುರಿದರು. ಕೌಂಟರಿನಲ್ಲಿ ಬೀಗದ ಕೈ ಕೊಟ್ಟು ಹೊರಗೆ ಬಂದಾಗ ಮಾವ ನನ್ನ ಮೊಬೈಲ್ ಕೇಳಿದರು. ಸಂಜೀವಣ್ಣನಿಗೆ ಫೋನ್.

“ಸಂಜೀವಾ, ಕೂತೆ ಮಾರಾಯ. ಮುಂದಿನ ಸೀಟು. ಇಲ್ಲ, ಕೈ ಬಿಡ್ಲಿಲ್ಲ. ಕಣ್ಣು ಮುಚ್ಚಿದ್ದೆ. ಹೋದ ಸಲ? ಹೋದ ಸಲ ಕೈ ಬಿಟ್ಟು ಕಣ್ಣು ತೆರೆದು ಕೂತದ್ದು ಸುಳ್ಳಲ್ಲ. ರೈಲು ಓಡಿರ್ಲಿಲ್ಲ, ಅಷ್ಟೇ.” ಆ ಕಡೆಯ ನಗು ನಮಗೂ ಕೇಳಿಸುವಷ್ಟು ದೊಡ್ಡದಿತ್ತು. ಮಾವ ಅದು ಮುಗಿಯುವವರೆಗೆ ಕಾದರು. “ಹೊಟ್ಟೆಯಲ್ಲಿ ಎಂತ ಆಗ್ತದೆ ಅಂತ ಕೇಳಿದ್ದೆಯಲ್ಲ? ನಮ್ಮ ಬಸ್ಸಿನಲ್ಲಿ ನನ್ನ ಹಿಂದೆ ಕೂತವರಿಗೆ ಆಗ್ತಿತ್ತು ನೋಡು, ಅದೇ. ನೀನು ಬಾಗಿಲಲ್ಲಿ ನಿಲ್ತಿದ್ದವ, ನಿನಗೆ ಗೊತ್ತಿತ್ತು. ನನಗೆ ನೀನು ಹೇಳ್ಬಾರ್ದಿತ್ತಾ?”

ಫೋನ್ ನನ್ನ ಕೈಗಿತ್ತು ಅವರು ಕಾರಿನ ಹತ್ತಿರ ಹೋದರು. ಮುಂದಿನ ಬಾಗಿಲು ತೆರೆದು, “ಶ್ರಾವ್ಯನ ಅಮ್ಮ ಇಲ್ಲಿ ಕೂತ್ಕೊಳ್ಳಲಿ,” ಎಂದರು. ತಾವು ಹಿಂದೆ ಹೋಗಿ ಅತ್ತೆಯ ಪಕ್ಕ ಕೂತರು. ವನಿತಾ ನನ್ನ ಮುಖ ನೋಡಿದಳು. ಅಪ್ಪ ಹಿಂದಿನ ಸೀಟಿನಲ್ಲಿ ಕೂತದ್ದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

ದೋಹಾದಿಂದ ರಿಸಾರ್ಟಿನ ಕಡೆಗೆ ಕಾರುಗಳ ಸಾಲು ಮಸಯೀದ್‌ವರೆಗೂ ಇತ್ತು. ನಮ್ಮ ಕಡೆಯ ರಸ್ತೆ ಮಾತ್ರ ಉದ್ದಕ್ಕೂ ಖಾಲಿ. ಶ್ರಾವ್ಯ ಸೀಟಿನ ಮೇಲೆ ಮೊಣಕಾಲೂರಿ ಹಿಂದಿನ ಗಾಜಿಗೆ ಮುಖವಿಟ್ಟು, ಚಕ್ರ ಮರಳಗುಡ್ಡದ ಹಿಂದೆ ಮರೆಯಾಗುವವರೆಗೂ ಕೈ ಬೀಸಿದಳು. ವಿಮಾನಕ್ಕೆ ಇನ್ನೂ ಹೊತ್ತಿದ್ದರೂ ಮನೆಗೆ ಹೋಗಿ ಸಾಮಾನು ಕಟ್ಟಬೇಕಿತ್ತು. ನಾನು ಕಾಲನ್ನು ಸ್ವಲ್ಪ ಒತ್ತಿದೆ. ಮುಳ್ಳು ತೊಂಬತ್ತು ದಾಟಿತು.

“ದಿವಾಕರ,” ಎಂದು ಹಿಂದಿನಿಂದ ಮಾವನ ದನಿ ಬಂತು, “ಸ್ವಲ್ಪ ನಿಧಾನ ಹೋಗು ಮಾರಾಯ. ಇಲ್ಲಿ ಗಿರಿಜಾ ಕೂತಿದ್ದಾಳೆ.”

ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಿಟಕಿಯ ಮೇಲಿನ ಹಿಡಿಯನ್ನು ಬಿಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಹಿಂದಿನಿಂದ ಬಂದ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋಯಿತು. “ಅದು ಹೋಗ್ಲಿ,” ಎಂದರು ಮಾವ.